ಭಂಡಾರ ಮುಟ್ಟಿದ ಲಾರಿ

ಹೋಳಿ ಹುಣ್ಣಿಮೆ ಮುಗಿದ ಮರುವಾರ, ಬುಧವಾರ. ಹೊತ್ತು ಇನ್ನೂ ಮೂಡಿರಲಿಲ್ಲ. ಲಡಾಯಿ ನಿಂತ ಮೇಲಿನ ಎರಡನೆಯ ಸುಗ್ಗಿ ಅದು. ತಿಕೋಟಾದ ಸುತ್ತಿನ ಕಣಗಳಲ್ಲಿ ಬಿಳಿಜೋಳ ರಾಶಿ ಬಿದ್ದು, ಊರೆಲ್ಲ ಹೊಟ್ಟಿನ ವಾಸನೆ ಹಬ್ಬಿತ್ತು. ಜೋಳದ ವ್ಯಾಪಾರದ ಬಸಲಿಂಗಯ್ಯನವರು ಮುಖ ತೊಳೆಯುವ ಮೊದಲೇ ಅಂಗಳಕ್ಕೆ ಬಂದು ತಮ್ಮ ಲಾರಿಯ ಮುಂದೆ ನಿಂತರು. ಲಾರಿ ಮೊದಲು ಮಿಲಿಟರಿಯದು. ಲಡಾಯಿ ಮುಗಿದ ಮೇಲೆ ಪುಣೆಯಲ್ಲಿ ಹರಾಜಿಗೆ ಬಂದಾಗ ಹಿಡಿದದ್ದು. ಹಸಿರು ಬಣ್ಣ ಅಲ್ಲಲ್ಲಿ ಸುಲಿದಿತ್ತು, ಹಿಂದಿನ ದೀಪವೊಂದು ಯಾವ ದೇಶದಲ್ಲೋ ಉದುರಿ ಹೋಗಿತ್ತು.

"ಹಲಗಿ ಎತ್ತು ಸಿದ್ದಾ" ಎಂದರು.

ಡ್ರೈವರ್ ಸಿದ್ದರಾಯ ಕಾಲಿಡುವ ಜಾಗದ ಹಲಗೆ ಎತ್ತಿ, ಅದರ ಕೆಳಗಿದ್ದ ಗೇರ್‌ಬಾಕ್ಸಿನ ಬಿರಡೆ ಬಿಚ್ಚಿದ. ಅಯ್ಯನವರು ಜೋಳದ ದಂಟಿನ ಸೀಳೊಂದನ್ನು ಒಳಗೆ ಇಳಿಬಿಟ್ಟು ಎತ್ತಿದರು. ಅರ್ಧ ಗೇಣು ತೊಯ್ಯಬೇಕಾದ ದಂಟು ಎರಡು ಬೆರಳಷ್ಟೇ ತೊಯ್ದು ಬಂತು.

"ಹೋದ ವಾರ ತುಂಬಿದ್ಯಲ್ಲ?"

"ನಿಮ್ಮೆದುರಿಗೆನ ತುಂಬೇನಲ್ರಿ ಅಯ್ಯಾರ."

"ತುಂಬಿದ್ದು ನೋಡೇನಿ. ಹೋಗಿದ್ದು ಮಾತ್ರ ಕಾಣವಲ್ದು." ಅಯ್ಯನವರು ಬಗ್ಗಿ ಲಾರಿಯ ಕೆಳಗಿನ ನೆಲ ನೋಡಿದರು. ಸೆಗಣಿ ಸಾರಿಸಿದ ಅಂಗಳ. ಒಂದು ಹನಿ ಬಿದ್ದರೂ ಎದ್ದು ಕಾಣುವಂಥದ್ದು. ಒಣಗಿತ್ತು. "ಸುಟ್ಟಿದ್ರ ಹೊಗಿ ಕಾಣಬೇಕು, ಸೋರಿದ್ರ ನೆಲಾ ತೋಯಬೇಕು. ಎರಡೂ ಇಲ್ಲ. ಎಣ್ಣಿಗೇನು ರೆಕ್ಕಿ ಬಂದಾವೇನು?"

ಎರಡು ತಿಂಗಳಲ್ಲಿ ಇದು ಮೂರನೆಯ ಸಲ. ಆಗೆಲ್ಲ ಕಂಟ್ರೋಲಿನ ಕಾಲ. ಗಾಡಿಯ ಎಣ್ಣೆ ಬೇಕೆಂದರೆ ವಿಜಾಪುರಕ್ಕೆ ಅರ್ಜಿ ಹಿಡಿದು ಹೋಗಿ, ಬಾಗಿಲಲ್ಲಿ ನಿಂತು, ಒಂದು ಡಬ್ಬಿ ತರುವಷ್ಟರಲ್ಲಿ ಚಪ್ಪಲಿ ಸವೆಯುತ್ತಿತ್ತು. ಆ ಡಬ್ಬಿ ಇಟ್ಟ ಪೆಟ್ಟಿಗೆಯ ಕೀಲಿಕೈ ಇದ್ದದ್ದು ಸಿದ್ದರಾಯನ ಉಡದಾರದಲ್ಲಿ. ಅಯ್ಯನವರು ಬೇರೇನೂ ಹೇಳದೆ ಅಂಗೈ ಚಾಚಿದರು. ಸಿದ್ದರಾಯ ಕೀಲಿಕೈ ಬಿಚ್ಚಿ ಕೊಟ್ಟ. ಕೊಡುವಾಗ ಉಡದಾರದ ಗಂಟು ಬೇಗ ಬಿಚ್ಚಲಿಲ್ಲ.

ಸಿದ್ದರಾಯ ಬಿಜ್ಜರಗಿಯ ಕುರುಬರವನು. ಮೀಸೆ ಚಿಗುರುವವರೆಗೆ ಕುರಿಯ ಹಿಂದೆ ತಿರುಗಿದವನು, ಲಡಾಯಿಯ ಕಾಲಕ್ಕೆ ದಂಡಿಗೆ ಸೇರಿ, ಬಸ್ರಾದ ಮರಳಿನಲ್ಲಿ ಲಾರಿ ಹೊಡೆಯಲು ಕಲಿತು ಬಂದ. ಅವನಪ್ಪ ಸತ್ತಾಗ ಊರಲ್ಲಿರಲಿಲ್ಲ. ತಂಗಿಯ ಮದುವೆಗೂ ಇರಲಿಲ್ಲ. ಅಷ್ಟೆಲ್ಲ ಕಳೆದು ಕೈಗೆ ಬಂದದ್ದು ಆ ಸ್ಟೇರಿಂಗ್ ಒಂದೇ. ಅದು ಹೋದರೂ ಅವನು ತಡೆದುಕೊಂಡಾನು. ಎಣ್ಣೆಗಳ್ಳ ಅನ್ನಿಸಿಕೊಂಡು ಹೋದರೆ ತಿಕೋಟಾದಿಂದ ವಿಜಾಪುರದವರೆಗೆ ಯಾವ ಗಾಡಿಯ ಬಾಗಿಲೂ ಅವನಿಗೆ ತೆರೆಯುವಂತಿರಲಿಲ್ಲ.

ಅದೇ ದಿನ ವಿಜಾಪುರದ ಪೇಟೆಗೆ ಜೋಳ ಇಳಿಸಿ, ಲಾಲಸಾಬ ಮಿಸ್ತ್ರಿಯ ತಗಡಿನ ಛಪ್ಪರದ ಮುಂದೆ ಲಾರಿ ನಿಲ್ಲಿಸಿದರು. ಮಿಸ್ತ್ರಿ ಊಟಕ್ಕೆ ಹೋಗಿದ್ದ. ಅವನು ಬಂದು, ಬೀಡಿ ಸೇದಿ, ಚೀಲ ಹಾಸಿಕೊಂಡು ಲಾರಿಯ ಕೆಳಗೆ ಸರಿಯುವಷ್ಟರಲ್ಲಿ ಯಂತ್ರವೆಲ್ಲ ತಣ್ಣಗಾಗಿತ್ತು. ಚಿಂದಿ ಬಟ್ಟೆಯಿಂದ ಗೇರ್‌ಬಾಕ್ಸಿನ ಹೊಟ್ಟೆ ಒರೆಸಿದ, ಸಂದು ಸಂದಿಗೆ ಬೆರಳಾಡಿಸಿದ. ಹೊರಗೆ ಬಂದು ಆ ಬೆರಳನ್ನು ಅಯ್ಯನವರ ಮೂಗಿನ ಮುಂದೆ ಹಿಡಿದ.

"ಬರೇ ಧೂಳ್ರಿ. ಈ ಗಾಡಿ ಸೋರಂಗಿಲ್ಲ ಅಯ್ಯಾರ. ಬೇಕಾದ್ರ ಬರಕೊಡ್ತೀನಿ."

ಲಾಲಸಾಬ ಸುಳ್ಳು ಹೇಳುವವನಲ್ಲ. ಸಿದ್ದರಾಯನ ಕೊರಳಿಗೆ ಉರುಳು ಬಿದ್ದದ್ದೇ ಆ ಮಾತಿನಿಂದ. ತಿಕೋಟಾದಲ್ಲಿ ಇಳಿಯುವಾಗ ಅಯ್ಯನವರು ಹೇಳಿದರು.

"ನಾ ಪೋಲೀಸರ ಕಡೆ ಹೋಗಾವಲ್ಲ. ಸೋಮವಾರ ನಿಮ್ಮ ಬೀರದೇವರ ಅರಿಷಿಣ ಭಂಡಾರ ತಗೊಂಡು ಬಾ. ಮುಟ್ಟಿ, ನಿಮ್ಮ ಎಣ್ಣಿ ಒಂದ್ ಹನೀನೂ ತಗೊಂಡಿಲ್ಲ ಅನ್ನು. ಕೀಲಿಕೈ ತಿರುಗಿ ಕೊಡ್ತೀನಿ. ಮತ್ತ ಜನ್ಮದಾಗ ಆ ಮಾತ ಎತ್ತಂಗಿಲ್ಲ."

ಕಳ್ಳನಲ್ಲದ ಕುರುಬನಾದರೆ ಆಗಲೇ ಎದೆ ತಟ್ಟಿ ಹ್ಞೂಂ ಅನ್ನುತ್ತಿದ್ದ. ಸಿದ್ದರಾಯ ಕಾಲಬೆರಳಿನಿಂದ ಮಣ್ಣು ಕೆದರುತ್ತ ನಿಂತ. ಅಯ್ಯನವರು ಅದನ್ನು ನೋಡಿದರು. ಒಳಗೆ ಹೋಗಿ ಸೋಲಾಪುರಕ್ಕೆ ಒಂದು ಕಾಗದ ಬರೆದರು.

ಸಿದ್ದರಾಯ ಹ್ಞೂಂ ಅನ್ನದಿದ್ದುದಕ್ಕೆ ಕಾರಣವಿತ್ತು. ಸಂಕ್ರಾಂತಿಯ ಮುಂದೆ ಅವನ ತಾಯಿಯ ಕುರಿಯೊಂದಕ್ಕೆ ಗೊರಸಿನ ಸಂದಿಯಲ್ಲಿ ಹುಳ ಬಿದ್ದಿತ್ತು. ಮನೆಯಲ್ಲಿ ಎಣ್ಣೆಯೆಂಬುದಿರಲಿಲ್ಲ. ಅವನು ಆ ಡಬ್ಬಿಯಿಂದ ಒಂದು ವಾಟಿ, ಸಣ್ಣ ಬಟ್ಟಲಷ್ಟು, ಎಣ್ಣೆ ಬಗ್ಗಿಸಿಕೊಂಡು ಹೋಗಿದ್ದ. ಕೇಳಿದ್ದರೆ ಅಯ್ಯನವರು ಇಲ್ಲ ಅನ್ನುತ್ತಿರಲಿಲ್ಲ. ಅವರು ಆ ದಿನ ಯಡೂರಿಗೆ ಹೋಗಿದ್ದರು. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡ. ಹೇಳುವುದು ಹಾಗೇ ಉಳಿಯಿತು. ಹೋದ ಎಣ್ಣೆ ವಾಟಿಗಟ್ಟಲೆ ಅಲ್ಲ, ಸೇರುಗಟ್ಟಲೆ. ಆದರೆ ಭಂಡಾರದ ಮುಂದೆ ವಾಟಿಯೂ ಒಂದೇ, ಸೇರೂ ಒಂದೇ. ಒಂದ್ ಹನೀನೂ ಎಂದಿದ್ದರು ಅಯ್ಯನವರು.

ಗುರುವಾರ, ಶುಕ್ರವಾರ ಅವನಿಗೆ ಕುಂತಲ್ಲಿ ಕುಂದ್ರಲಾಗಲಿಲ್ಲ. ಬಾಡಿಗೆಗೆ ಹೋಗಿ ಬಂದ ಲಾರಿ ಅಂಗಳದಲ್ಲಿ ನಿಂತದ್ದೇ ತಡ, ಕೆಳಗೆ ತೂರುತ್ತಿದ್ದ. ಹೊರಗೆ ಬರುತ್ತಿದ್ದ, ಎರಡು ಹೆಜ್ಜೆ ನಡೆಯುತ್ತಿದ್ದ, ಮತ್ತೆ ತೂರುತ್ತಿದ್ದ. ರೊಟ್ಟಿ ಮುರಿದು ಬಾಯಿಗಿಡುವ ಮೊದಲು ಏನೋ ಹೊಳೆದಂತಾಗಿ ಎದ್ದು ಹೋಗಿ ಹಿಂದಿನ ಗಾಲಿಗಳನ್ನು ಮುಟ್ಟಿ ನೋಡುತ್ತಿದ್ದ. ಜೋಳ ಹೊರುವ ಹಮಾಲರು ನಗುತ್ತಿದ್ದರು. "ಏನೋ ಸಿದ್ದಾ, ಕುರಿ ಈಯಾಕತ್ತೇತೇನು, ಪದೇ ಪದೇ ಬಾಲಾ ಎತ್ತಿ ನೋಡ್ತಿ?"

ಶನಿವಾರ ಲಾರಿಗೆ ಕೆಲಸವಿರಲಿಲ್ಲ. ನಸುಕಿನಲ್ಲೆದ್ದು ಬಿಜ್ಜರಗಿಗೆ ನಡೆದ. ಬಿಸಿಲೇರುವ ಹೊತ್ತಿಗೆ ತಾಯಿ ಸಕ್ರವ್ವ ಬೋಳು ಹೊಲದಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದಳು. ಕೈಯಲ್ಲಿ ಕದರು ತಿರುಗುತ್ತಿತ್ತು, ಉಣ್ಣೆಯ ಎಳೆ ಇಳಿಯುತ್ತಿತ್ತು.

"ಯಾಕಲೇ, ಹಬ್ಬಾ ಮುಗದಮ್ಯಾಲ ಬಂದಿ?"

"ಭಂಡಾರ ಬೇಕಾಗೇತಿ ಬೇ. ಸೋಮವಾರ ಆಣಿ ಮಾಡಬೇಕಂತ." ಎಲ್ಲ ಹೇಳಿದ. ವಾಟಿಯ ಮಾತೊಂದು ಬಿಟ್ಟು.

"ಮಾಡು. ಕಳವು ಮಾಡಿಲ್ಲಂದ್ರ ಅಂಜಿಕಿ ಏನದ?"

ಸಿದ್ದರಾಯ ದಂಟಿನ ಬುಡವೊಂದನ್ನು ಕೀಳತೊಡಗಿದ. ಸಕ್ರವ್ವನ ಕದರು ನಿಂತಿತು. ಅವಳು ಮಗನ ಮುಖ ನೋಡಲಿಲ್ಲ; ಹಿಂಡಿನಲ್ಲಿ ಮೇಯುತ್ತಿದ್ದ ಬಿಳಿಮೂತಿಯ ಕುರಿಯ ಹಿಂಗಾಲು ನೋಡಿದಳು. ಗೊರಸು ಕೂಡಿಕೊಂಡು, ಕೂದಲು ಬಂದು, ಗಾಯವಾದದ್ದೇ ತಿಳಿಯದಂತಿತ್ತು.

"ಅವತ್ತ ತಂದಿದ್ಯಲ್ಲ, ಕರೀ ಎಣ್ಣಿ. ಎಲ್ಲೀದಲೇ ಅದು?"

"ಒಂದ ವಾಟಿ ಬೇ."

"ವಾಟಿ ಕೇಳಿಲ್ಲ, ಎಲ್ಲೀದಂತ ಕೇಳೇನಿ."

"ಅಯ್ಯಾರ ಡಬ್ಬ್ಯಾಗಿಂದು" ಎಂದ ಸಿದ್ದರಾಯ. ಆಮೇಲೆ ಅವಳು ಎದ್ದು ಮನೆಗೆ ಹೋಗಿ, ದೇವರ ಜಗಲಿಯ ಮೇಲಿನ ಗಂಟು ಬಿಚ್ಚಿ, ಅಂಗೈ ತುಂಬ ಅರಿಷಿಣದ ಭಂಡಾರವನ್ನು ಬಟ್ಟೆಗೆ ಹಾಕಿ ಕಟ್ಟಿ ತಂದು ಕೊಟ್ಟಳು.

"ಸುಳ್ಳಿಗೆ ಮುಟ್ಟಬ್ಯಾಡ, ಹಿಂಡ ಉಳಿಯಂಗಿಲ್ಲ. ಕುರಿಯೆಲ್ಲ ಕಣ್ಮುಂದ ಅದಾವ, ನೋಡ್ಕೊಂಡು ಮುಟ್ಟು. ಖರೇಕ್ಕಾದ್ರ ಬೇಕಾದಷ್ಟು ಬಳಸು, ಕಡಿಮಿ ಬಿದ್ರ ಮತ್ತ ಬಾ."

ರವಿವಾರ ಸೋಲಾಪುರದ ಡ್ರೈವರ್ ಬಂದಿಳಿದ. ದಶರಥ ಅಂತ. ಕೆಂಪು ರುಮಾಲು, ಬಾಯಿ ತುಂಬ ಎಲೆಯಡಿಕೆ, ಮಾತಿಗೊಮ್ಮೆ ನಗು. ಇಂಥ ಮಿಲಿಟರಿ ಗಾಡಿಯನ್ನೇ ಅವನು ಹೋದ ದೀಪಾವಳಿಯಿಂದ ಹೊಡೆದವನು. ಅಲ್ಲಿಯ ಧಣಿ ಗಾಡಿ ಮಾರಿದ್ದಕ್ಕೆ ಖಾಲಿ ಕೂತಿದ್ದ. ಬಂದವನೇ ಲಾರಿಯನ್ನು ಸುತ್ತು ಹಾಕಿ, ಗಾಲಿಗೊಂದು ಒದೆ ಕೊಟ್ಟು, ಸಿದ್ದರಾಯನ ಪಕ್ಕದಲ್ಲಿ ಕೂತ.

"ಸಿಟ್ಟ ಆಗಬ್ಯಾಡ ತಮ್ಮಾ. ಕರದ್ರು, ಬಂದೆ. ನಾಳೆ ನೀ ಆಣಿ ಮಾಡಿದ್ರ ನಾ ಊಟಾ ಮಾಡಿ ಹೊಳ್ಳಿ ಹೋಗಾಂವ."

"ಮಾಡಲಿಲ್ಲಂದ್ರ?"

"ಆಗೂ ಊಟಾ ಮಾಡಾಂವ. ಆದ್ರ ಹೋಗೂದಿಲ್ಲ" ಎಂದು ನಕ್ಕು ಎಲೆಯ ಚಂಚಿ ಮುಂದೆ ಹಿಡಿದ. ಸಿದ್ದರಾಯನಿಗೆ ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಅದೊಂದು ಹೊಸ ಸಂಕಟವಾಯಿತು. ಎಲೆ ತೆಗೆದುಕೊಂಡ, ಮಡಿಸಿದ, ಬಾಯಿಗಿಡುವುದು ಮರೆತು ಕೈಯಲ್ಲೇ ಬಾಡಿಸಿದ.

ಸೋಮವಾರ ಬೆಳಗ್ಗೆ ಅಂಗಳದಲ್ಲಿ ಹಮಾಲರು ಸೇರಿದರು. ಬಸಲಿಂಗಯ್ಯನವರು ಸ್ನಾನ ಮಾಡಿ, ವಿಭೂತಿ ಧರಿಸಿ, ಒಗೆದ ಬಿಳಿ ಧೋತರ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು. ಸಿದ್ದರಾಯ ಬಟ್ಟೆಯ ಗಂಟು ಬಿಚ್ಚಿದ. ಬಿಸಿಲಿಗೆ ಭಂಡಾರ ಹೊಳೆಯಿತು. ಅವನ ಕೈ ಅದರ ಮೇಲೆ ಹೋಗಿ ಒಂದು ಗೇಣು ಎತ್ತರದಲ್ಲಿ ನಿಂತಿತು.

"ಮುಟ್ಟು" ಎಂದರು ಅಯ್ಯನವರು.

"ಮುಟ್ಟತೀನ್ರಿ. ಮೊದಲ ಗಾಡಿ ಮುಟ್ಟಲಿ."

"ಏನಂದಿ?"

"ಸೋರೂದಿಲ್ಲಂತ ಹೇಳಾಕತ್ತಿದ್ದು ಗಾಡಿರಿ. ನಿಂತಾಗ ನೋಡಿದ್ರ ಒಣಾ ಇರತೈತಿ, ಓಡೂ ಮುಂದ ಯಾರ ನೋಡ್ಯಾರ್ರಿ? ಅದರ ಮೈಗೆ ಭಂಡಾರ ಹಚ್ತೀನಿ. ಎಣ್ಣಿ ತಾಗಿದ್ರ ಅರಿಷಿಣಾ ಕೆಂಪಾಗಿ ಕರ್ರಗಾಗೂದು ಒಲಿ ಮುಂದ ಕುಂತ ಎಲ್ಲಾ ಹೆಣ್ಮಕ್ಕಳಿಗೂ ಗೊತ್ತೈತಿ. ಇವತ್ತ ಬಬಲೇಶ್ವರದ ಮಾಲ ತುಂಬಿ ವಿಜಾಪುರಕ್ಕ ಹೋಗೂದೈತಲ್ರಿ. ಹಲಗಿ ತಗದ ಇಡ್ತೀನಿ, ನೀವ ಕುಂತ ನೋಡ್ರಿ. ದಶರಥ ಹೊಡೀಲಿ. ನಾ ಹಿಂದ ಚೀಲದ ಮ್ಯಾಲ ಕುಂದರ್ತೀನಿ, ಗಾಡಿಗೆ ಕೈ ಸೈತ ಹಚ್ಚೂದಿಲ್ಲ."

"ದೇವರ ಭಂಡಾರ ಕಬ್ಬಿಣಕ್ಕ ಹಚ್ತಿಯೇನಲೇ?" ಎಂದ ಒಬ್ಬ ಹಮಾಲ.

"ಖಂಡೆಪೂಜೆಗೆ ಕುಡಗೋಲಿಗೆ ಹಚ್ಚೂದಿಲ್ಲೇನು?"

ದಶರಥ ಎಲೆ ಉಗುಳಿ ಬಂದ. "ಹಚ್ಚಲಿ ಬಿಡ್ರಿ. ಗಾಡಿ ಸುಳ್ಳ ಆಣಿ ಮಾಡಿದ್ರ ಯಾರ ಕುರಿ ಸಾಯ್ತಾವೋ ಅದನ್ನಷ್ಟ ಮೊದಲ ಮಾತಾಡ್ಕೊಳ್ರಿ."

ಎಲ್ಲರೂ ನಕ್ಕರು. ಅಯ್ಯನವರು ನಗಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಸಿದ್ದರಾಯ ದಂಟು ಇಳಿಬಿಟ್ಟು, ಎಲ್ಲರೆದುರಿಗೆ ಎಣ್ಣೆ ಸರಿಯಾಗಿ ತುಂಬಿ, ಗೇರ್‌ಬಾಕ್ಸನ್ನು ಚಿಮಣಿ ಎಣ್ಣೆಯಿಂದ ತೊಳೆದು ಒರೆಸಿ ಒಣಗಿಸಿದ. ಮೇಲಿನಿಂದ ಎಟುಕುವ ಪಕ್ಕಗಳಿಗೆ, ಸಂದುಗಳಿಗೆ, ಕೆಳಗೆ ತೂರಿ ಹೊಟ್ಟೆಗೆ, ಹಿಂದಿನ ಬಾಯಿಗೆ ಭಂಡಾರ ತಿಕ್ಕಿದ. ಮೇಲ್ಭಾಗಕ್ಕೆ ಹಚ್ಚಲಿಲ್ಲ. ಎಣ್ಣೆ ಕೆಳಗಿಳಿಯುವ ಜಾತಿ. ನೆತ್ತಿಯಿಂದ ಯಾಕೆ ಸೋರೀತು ಎಂದುಕೊಂಡ. ಬಟ್ಟೆಯಲ್ಲಿ ಒಂದು ಹಿಡಿಯಷ್ಟು ಉಳಿಯಿತು. ಅದು ತನ್ನ ಆಣೆಗೆ ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡ.

ಲಾರಿ ಹೊರಟಿತು. ಖಾಲಿ ಲಾರಿಯ ಹಿಂಭಾಗದಲ್ಲಿ ನಿಂತು, ಸಿದ್ದರಾಯ ಕ್ಯಾಬಿನಿನ ಬೆನ್ನಿಗಿದ್ದ ಸಣ್ಣ ಕಿಂಡಿಗೆ ಕಣ್ಣಿಟ್ಟ. ಅಲ್ಲಿಂದ ಅಯ್ಯನವರ ರುಮಾಲಿನ ಹಿಂಬದಿಯಷ್ಟೇ ಕಾಣುತ್ತಿತ್ತು. ರುಮಾಲು ಬಗ್ಗಿದರೆ ಇವನ ಎದೆ ಹಾರುತ್ತಿತ್ತು, ನೆಟ್ಟಗಾದರೆ ಕುಸಿಯುತ್ತಿತ್ತು. ತಾನು ಹೊಡೆಯದ ಲಾರಿಯಲ್ಲಿ ಅವನು ನಿಂತದ್ದು ದಂಡಿನಿಂದ ಬಂದ ಮೇಲೆ ಅದೇ ಮೊದಲು. ದಶರಥ ಗೇರು ಬದಲಿಸಿದಾಗಲೆಲ್ಲ ಇವನ ಎಡಗಾಲು ತಾನಾಗಿ ತುಳಿಯುತ್ತಿತ್ತು.

ಬಬಲೇಶ್ವರದ ಕಣದ ಹತ್ತಿರ ಲಾರಿ ನಿಂತಿತು. ತೆರೆದ ಹಲಗೆಯಿಂದ ಗಾಳಿ ನುಗ್ಗಿ ಅಯ್ಯನವರ ಮೀಸೆಯೆಲ್ಲ ಹಳದಿಯಾಗಿತ್ತು.

"ಒಣಾ ಐತಿ ಸಿದ್ದಾ" ಎಂದರು. ಮೊದಲ ಸಲ ಅವರ ದನಿಯಲ್ಲಿ ಬೇಜಾರಿತ್ತು. "ಹಚ್ಚಿದ್ದು ಹಚ್ಚಿದಂಗ ಐತಿ."

ಸಿದ್ದರಾಯ ತಾನೂ ಕೆಳಗೆ ತೂರಿದ. ಖರೆ; ಹೊಟ್ಟೆ, ಸಂದು, ಹಿಂದಿನ ಬಾಯಿ, ಎಲ್ಲ ಹಳದಿಗೆ ಹಳದಿ. ಹಮಾಲರು ಚೀಲ ಹೇರತೊಡಗಿದ್ದರು. ಒಂದೊಂದು ಚೀಲ ಬಿದ್ದಾಗಲೂ ಲಾರಿ ಅವನ ಎದೆಯ ಮೇಲೆ ಒಂದು ನೂಲು ಕೆಳಗಿಳಿಯುತ್ತಿತ್ತು. ಎದ್ದು ಬರಲು ಕಾಲು ಬರಲಿಲ್ಲ. ಬಂದರೆ ಆಣೆ. ಅಂಗಾತ ಬಿದ್ದು ಕಣ್ಣಾಡಿಸಿದ. ಲಾರಿಯ ಉದ್ದಕ್ಕೂ ಚೌಕಟ್ಟಿನ ಕಬ್ಬಿಣದ ಒಳಮೈಗೆ ಒಂದು ವಾಯರ್ ಹಾದು ಹೋಗಿತ್ತು. ಉದುರಿದ ಹಿಂದಿನ ದೀಪಕ್ಕೆ ಹೋಗುತ್ತಿದ್ದದ್ದು. ಮಿಲಿಟರಿಯವರು ಅದಕ್ಕೆ ನೂಲಿನ ಪಟ್ಟಿ ಸುತ್ತಿದ್ದರು. ಎಲ್ಲ ಕಡೆ ಧೂಳು ತೆಳ್ಳಗೆ ಕೂತಿದೆ, ಆ ಪಟ್ಟಿಯ ಮೇಲೆ ಮಾತ್ರ ಹೆಬ್ಬೆರಳು ದಪ್ಪ ಮೆತ್ತಿದೆ. ಎರಡು ದಿನ ನೋಡಿದ್ದ. ಧೂಳೆಂದು ಬಿಟ್ಟಿದ್ದ.

ಉಗುರಿನಿಂದ ಕೆರೆದ. ಒಳಗೆ ಪಟ್ಟಿ ಕರ್ರಗೆ, ಮೆತ್ತಗೆ. ಬೆರಳು ಮೂಸಿದ. ಎಣ್ಣೆ.

ತಪ್ಪಿಸಿಕೊಂಡ ಕುರಿ ಹುಡುಕುವಾಗ ಹೆಜ್ಜೆಯನ್ನು ಹಿಂದು ಹಿಂದಕ್ಕೆ ಹಿಡಿದು, ಯಾವ ಬೇಲಿಯಿಂದ ನುಸುಳಿತು ಎಂದು ನೋಡುವುದು ಅವನಿಗೆ ಅಪ್ಪ ಕಲಿಸಿದ ಕೆಲಸ. ಹಾಗೇ ಆ ವಾಯರನ್ನು ಹಿಡಿದು ಕೈಮೇಲೆ ಕೈ ಇಡುತ್ತ ಮುಂದೆ ಸರಿದ. ಬಾಲದ ಕಡೆ ಒದ್ದೆ ಕಡಿಮೆ. ಮುಂದೆ ಹೋದಂತೆ ಜಾಸ್ತಿ. ವಾಯರ್ ಗೇರ್‌ಬಾಕ್ಸಿನ ಮಗ್ಗುಲಿನಿಂದ ಮೇಲಕ್ಕೇರಿತ್ತು. ಹೊರಗೆ ಬಂದು, ಕ್ಯಾಬಿನ್ ಹತ್ತಿ, ಅಯ್ಯನವರ ಕಾಲ ಬಳಿ ಬೋರಲು ಬಿದ್ದು ಕೈ ಇಳಿಸಿದ. ವಾಯರ್ ಹೋಗಿ ಮುಗಿದದ್ದು ಗೇರಿನ ದಾಂಡಿಯ ಹಿಂದೆ, ನೆತ್ತಿಯ ಮೇಲೆ, ತಿರುಪಿ ಕೂರಿಸಿದ ಹೆಬ್ಬೆರಳಷ್ಟು ದೊಡ್ಡ ಒಂದು ಸ್ವಿಚ್ಚಿಗೆ. ಗಾಡಿ ಹಿಂದಕ್ಕೆ ಸರಿಯುವಾಗ ಬಾಲದ ದೀಪ ಹೊತ್ತಿಸುವ ಸ್ವಿಚ್ಚು. ದೀಪವೇ ಇಲ್ಲದ ಮೇಲೆ ಅದನ್ನು ಯಾರು ನೆನೆಯುತ್ತಾರೆ?

"ಇಲ್ಲೈತ್ರಿ" ಎಂದ. "ಗಾಡಿ ಕಾದಾಗ ಎಣ್ಣಿ ತೆಳ್ಳಗಾಗಿ, ಗೇರು ತಿರುಗಿ, ನೆತ್ತೀಗೆ ಸಿಡೀತೈತಿ. ಈ ಸ್ವಿಚ್ಚಿನಾಗಿಂದ ಹೊರಗ ಬಂದಿದ್ದನ್ನ ಪಟ್ಟಿ ಬತ್ತಿ ಕುಡದಂಗ ಕುಡೀತೈತಿ. ಉಳಿದದ್ದು ಓಡೂ ದಾರ್‍ಯಾಗ ಉದುರತೈತಿ. ಗಾಡಿ ನಿಂತ್ರ ಎಣ್ಣಿ ಕೆಳಗ ಇಳೀತು, ಸೋರೂದೂ ನಿಂತಿತು. ಅದಕ್ಕ ಅಂಗಳಾ ಒಣಾ."

ದಶರಥ ಬಗ್ಗಿ ನೋಡಿ ತಲೆ ಅಲ್ಲಾಡಿಸಿದ. "ಬಾಯಿಲೆ ಛಲೋ ಹೇಳ್ದಿ. ಪಟ್ಟ್ಯಾಗಿನ ಎಣ್ಣಿ ಮಿಲಿಟರ್‍ಯಾವರ ಕಾಲದ್ದೂ ಇರಬಹುದು."

ಅಯ್ಯನವರು ಇಬ್ಬರನ್ನೂ ನೋಡಿದರು. ನ್ಯಾಯದ ಮಾತೇ. ಸಿದ್ದರಾಯ ಸೊಂಟದ ಗಂಟು ತೆಗೆದ. ಸ್ವಿಚ್ಚನ್ನೂ ಅದರ ಸುತ್ತಲನ್ನೂ ಚಿಮಣಿ ಎಣ್ಣೆಯಿಂದ ಒರೆಸಿ, ಒಣಗಿಸಿ, ಉಳಿದ ಭಂಡಾರವನ್ನೆಲ್ಲ ಅಲ್ಲಿಗೇ ಹಚ್ಚಿದ.

"ಎಲ್ಲಾ ಹಾಕಿದ್ಯಲ್ಲೋ! ಇಲ್ಲೂ ಒಣಾ ಉಳದ್ರ ನಿನ್ನ ಆಣಿಗೇನೈತಿ?" ಎಂದರು ಅಯ್ಯನವರು.

ಅವನು ಹಳದಿಯಾದ ಅಂಗೈ ತೋರಿಸಿದ. "ಇಷ್ಟೈತಲ್ರಿ."

ಹೊತ್ತು ನೆತ್ತಿಗೇರಿತ್ತು. ತುಂಬಿದ ಲಾರಿ ನರಳುತ್ತ ವಿಜಾಪುರದ ದಾರಿ ಹಿಡಿಯಿತು. ಸಿದ್ದರಾಯ ಚೀಲಗಳ ಮೇಲೆ ಹತ್ತಿದ್ದ. ಕಿಂಡಿ ಈಗ ಚೀಲದ ಹಿಂದೆ ಮುಚ್ಚಿ ಹೋಗಿತ್ತು. ರುಮಾಲು ಸಹ ಕಾಣದು. ಏರು ಬಂದಾಗ ಗೇರು ಗೊಣಗುವ ಸದ್ದು ಕೇಳುತ್ತಿತ್ತು, ಅಷ್ಟೇ. ಸಿಡಿಯಲೇ ಎಣ್ಣೆ, ಸಿಡಿ, ಎಂದು ಅವನು ಹಲ್ಲು ಕಚ್ಚುತ್ತಿದ್ದ. ಯಾವ ಡ್ರೈವರನಾದರೂ ತನ್ನ ಗಾಡಿ ಸೋರಲಿ ಎಂದು ಹರಕೆ ಹೊತ್ತದ್ದುಂಟೇ? ಒಂದು ಹಳ್ಳ ಇಳಿದು ಏರಿದರು. ಎರಡನೆಯ ಏರು ಬಂತು. ಏನಿಲ್ಲ. ಅವನು ಚೀಲದ ಹೊಲಿಗೆಯ ನೂಲು ಒಂದೊಂದೇ ಕೀಳುತ್ತಿದ್ದ, ಅದು ಅವನಿಗೇ ಗೊತ್ತಿರಲಿಲ್ಲ.

"ನಿಲ್ಲಸ್ಲೇ! ನಿಲ್ಲಸು!"

ಬ್ರೇಕು ಕಿರುಚಿತು. ಲಾರಿ ನಿಲ್ಲುವ ಮೊದಲೇ ಸಿದ್ದರಾಯ ಚೀಲದ ಮೇಲಿನಿಂದ ಜಿಗಿದ. ಬಾಗಿಲು ತೆರೆದು ಬಸಲಿಂಗಯ್ಯನವರು ಇಳಿದರು. ಮುಖ, ಎದೆ, ಒಗೆದ ಧೋತರ ಎಲ್ಲ ಹಳದಿ; ಅರಿಷಿಣ ಹಚ್ಚಿದ ಮದುಮಗನೊಬ್ಬ ಹಂದರ ಬಿಟ್ಟು ಓಡಿ ಬಂದಂತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಬಂಡಿಯವನು ಎತ್ತು ನಿಲ್ಲಿಸಿ ಬಾಯಿ ತೆರೆದ.

"ಬಾ ಇಲ್ಲೆ. ನೋಡು" ಎಂದು ಅವರು ಸಿದ್ದರಾಯನ ತೋಳು ಹಿಡಿದು ಎಳೆದರು.

ಸ್ವಿಚ್ಚಿನ ಬುಡದ ಸುತ್ತ ಹಳದಿ ಸತ್ತು, ಕೆಂಪಗೆ ಕರ್ರಗೆ ಒಂದು ಉಂಗುರ ಮೂಡಿತ್ತು. ವಾಯರ್ ಹೊರಬರುವ ಬಾಯಿಯಲ್ಲಿ ಸಾಸಿವೆಯಷ್ಟು ಎಣ್ಣೆ ಹೊಳೆಯಿತು. ಹೊಳೆದು, ದಪ್ಪಗಾಗಿ, ಪಟ್ಟಿಯೊಳಕ್ಕೆ ಇಂಗಿ ಹೋಯಿತು. ಮತ್ತೊಂದು ಸಾಸಿವೆ ಹುಟ್ಟಿತು.

"ಕಣ್ಣಾರೆ ನೋಡಿದ್ನೆಪಾ" ಎಂದರು ಅಯ್ಯನವರು. ದಶರಥನೂ ಆ ಕಡೆಯಿಂದ ಬಗ್ಗಿ ನೋಡಿದ. ಅವನ ಬಾಯಲ್ಲಿ ಎಲೆ ಇತ್ತು, ಅಗಿಯುವುದು ನಿಂತಿತ್ತು.

ವಿಜಾಪುರದಲ್ಲಿ ಲಾಲಸಾಬ ಮಿಸ್ತ್ರಿ ಪಾನಾ ಹಾಕಿ ಸ್ವಿಚ್ಚನ್ನು ತಿರುಪಿ ತೆಗೆದ. ಅದರ ಬುಡದ ವಾಶರ್ ಹುರಿದ ಹಪ್ಪಳದ ಹಾಗೆ ಪುಡಿಯಾಗಿ ಕೈಗೆ ಬಂತು. ಒಳಗಿನ ಗುಂಡಿ ಸವೆದು ಕಣ್ಣಿಗೆ ಕಾಣುವಷ್ಟು ಸಂದು ಬಿಟ್ಟಿತ್ತು. ಅವನು ಹಣೆ ಬಡಿದುಕೊಂಡ.

"ಯಾ ಅಲ್ಲಾ! ನಾ ಹೊಟ್ಟಿ ಒರಸಿ ನೋಡಿದೆ, ನೆತ್ತಿ ನೋಡಲಿಲ್ಲ. ಅದೂ ತಣ್ಣಗಾದಮ್ಯಾಲ. ಸಿದ್ದಣ್ಣಾ, ನನ್ನ ಮಾತಿಲೆ ನಿನಗ ಇಷ್ಟೆಲ್ಲಾ ಆತು."

ದೀಪವಿಲ್ಲದ ಗಾಡಿಗೆ ಸ್ವಿಚ್ಚೇಕೆ ಎಂದು, ಆ ತೂತಿಗೆ ಒಂದು ಬೋಲ್ಟು ಹೊಂದಿಸಿ, ಎಣ್ಣೆಯಲ್ಲಿ ನೆನೆಸಿದ ಹಳೇ ತೊಗಲಿನ ವಾಶರ್ ಕತ್ತರಿಸಿ ಹಾಕಿ ಬಿಗಿದ. ಅಯ್ಯನವರು ಕೋಟಿನ ಕಿಸೆಯಿಂದ ಕೀಲಿಕೈ ತೆಗೆದರು.

"ತಗೋ. ಆಣಿ ಗೀಣಿ ಇನ್ನ ಬ್ಯಾಡ."

ಸಿದ್ದರಾಯ ಕೈ ಚಾಚಲಿಲ್ಲ. ಅಂಗೈ ಇನ್ನೂ ಹಳದಿಯಿತ್ತು. ಅದನ್ನು ಎದೆಗೆ ಹಚ್ಚಿಕೊಂಡ.

"ಗಾಡಿ ತನ್ನ ಆಣಿ ಮುಗಿಸ್ತು ಅಯ್ಯಾರ. ನಂದು ಉಳದೈತಿ. ಸಂಕ್ರಾಂತಿ ಮುಂದ ನಿಮ್ಮ ಡಬ್ಬ್ಯಾಗಿಂದ ಒಂದ ವಾಟಿ ಎಣ್ಣಿ ತಗೊಂಡೀನಿ, ನಿಮ್ಮನ್ನ ಕೇಳದ. ನಮ್ಮವ್ವನ ಕುರಿ ಕಾಲಿಗೆ ಹುಳಾ ಬಿದ್ದಿದ್ವು. ಅದರ ಹೊರತು ಒಂದ್ ಹನೀನೂ ಮುಟ್ಟಿಲ್ಲ. ಇನ್ನ ಸೀಟು ಯಾರಿಗೆ ಕೊಡಬೇಕು, ನಿಮ್ಮ ಮನಸು."

ಅಯ್ಯನವರು ಕೀಲಿಕೈಯನ್ನು ಬೆರಳಲ್ಲಿ ಎರಡು ಸಲ ತಿರುಗಿಸಿದರು.

"ಕುರಿ ಬದುಕೀತೇನು?"

"ಬದುಕೇತ್ರಿ."

"ಗಾಡೀ ಎಣ್ಣಿ ಹಚ್ಚಿದ್ಯಲ್ಲೋ ಹುಚ್ಚಪ್ಯಾಲಿ! ಮನ್ಯಾಗ ಕೊಡಾ ತುಂಬ ಔಡಲ ಎಣ್ಣಿ ಇತ್ತು. ಕೇಳಾಕ ಬಾಯಿಗೇನ ಹುಳಾ ಬಿದ್ದಿದ್ವೇನು?" ಎಂದು ಅವನ ಹಳದಿ ಅಂಗೈಯಲ್ಲೇ ಕೀಲಿಕೈ ಇಟ್ಟು ಬೆರಳು ಮುಚ್ಚಿದರು. ಅವರ ಸಿಟ್ಟು ಕೇಳಿಯೇ ಸಿದ್ದರಾಯನ ಕಣ್ಣಿಗೆ ನೀರು ಬಂತು.

ದಶರಥ ಮಾತ್ರ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಬಿಚ್ಚಿ ಹಾಕಿದ ಸ್ವಿಚ್ಚನ್ನು ಅಂಗೈಯಲ್ಲಿ ಉರುಳಿಸುತ್ತಿದ್ದ.

"ಮಿಸ್ತ್ರಿ, ಇದನ್ನ ನನಗ ಕೊಡ್ರಿ."

"ಗುಜರಿಗೂ ಹೋಗಂಗಿಲ್ಲ ಅದು. ಏನ್ ಮಾಡ್ತಿ?"

"ಸೋಲಾಪುರದಾಗ ನಾ ಹೊಡದ ಗಾಡೀನೂ ಇಂಥಾದ್ದ" ಎಂದ ದಶರಥ, ಯಾರ ಮುಖವನ್ನೂ ನೋಡದೆ. "ನನಗಿಂತ ಮೊದಲ ಅದರ ಮ್ಯಾಲ ಧೂಳಪ್ಪ ಅಂತ ಇದ್ದ, ನಿಮ್ಮ ಕನಮಡಿಯಾಂವ. ಎಣ್ಣಿ ಕದ್ದಾನಂತ ದೀಪಾವಳಿ ದಿನಾ ಹೊರಗ ಹಾಕಿದ್ರು, ಆ ಸೀಟಿಗೆ ನಾ ಕುಂತೆ. ನಾಕ ದಿನದಾಗ ನನಗೂ ಗೊತ್ತಾತು, ಎಣ್ಣಿ ಕಡಿಮಿ ಆಗಾಕತ್ತೇತಿ ಅಂತ. ಹೇಳಿದ್ರ ನನ್ನನ್ನೂ ಕಳ್ಳ ಅಂತಾರಂತ, ಅಲ್ಲಿಂದ ಇಲ್ಲಿಂದ ಬೇಡಿ ತಂದು, ಯಾರಿಗೂ ಕಾಣದಂಗ ತುಂಬತಿದ್ದೆ. ಧಣಿ ಅಂತಿದ್ದ, ನೋಡ್ರಿ, ಧೂಳ್ಯಾ ಹೋದ, ಎಣ್ಣಿ ಕಳವು ನಿಂತು. ನಾ ಎಲಿ ಅಗೀತಾ ಸುಮ್ಮನ ಕೇಳತಿದ್ದೆ."

ಸಿದ್ದರಾಯ ಅವನ ಹತ್ತಿರ ಹೋಗಿ ಕೂತ. ಸೊಂಟದಿಂದ ಭಂಡಾರದ ಖಾಲಿ ಬಟ್ಟೆ ತೆಗೆದು ಅವನಿಗೆ ಕೊಟ್ಟ. ದಶರಥ ಸ್ವಿಚ್ಚನ್ನು ಅದರಲ್ಲಿ ಸುತ್ತಿ ಗಂಟು ಹಾಕಿದ. ಬಟ್ಟೆಗೆ ಅಂಟಿದ್ದ ಹಳದಿಯಲ್ಲಿ ಎಣ್ಣೆ ಕೆಂಪಗೆ ಒಸರಿತು.

ಮರುದಿನ ಸಿದ್ದರಾಯನೇ ಲಾರಿ ಹೊಡೆದುಕೊಂಡು ಅವನನ್ನು ಬಿಜ್ಜರಗಿಯವರೆಗೆ ಬಿಟ್ಟ. ಸಕ್ರವ್ವ ರೊಟ್ಟಿ ಕಟ್ಟಿ ಕೊಟ್ಟು, ದಾರಿ ತೋರಿಸಿದಳು. ಕೆಂಪು ರುಮಾಲು ಬೋಳು ಹೊಲಗಳ ನಡುವೆ ಸಣ್ಣದಾಗುವವರೆಗೆ ತಾಯಿ ಮಗ ನಿಂತು ನೋಡಿದರು. ಸೀಟಿಗೆಂದು ಬಂದ ದಶರಥ, ಕೆಟ್ಟ ಸ್ವಿಚ್ಚೊಂದನ್ನು ಸೊಂಟಕ್ಕೆ ಕಟ್ಟಿಕೊಂಡು, ಧೂಳಪ್ಪನ ಮನೆ ಹುಡುಕುತ್ತ ಕನಮಡಿಗೆ ನಡೆದು ಹೋದದ್ದು ಹೋಳಿಯ ಮೇಲಿನ ಎರಡನೆಯ ಮಂಗಳವಾರ.